ನಿಮ್ಮ ಸರ್ವಿಸ್ ರಿಜಿಸ್ಟರ್ ನೀವೇ ಬರೆಯಬೇಕು

(ತುಮಕೂರಿನಲ್ಲಿ ವೃತ್ತಿನಿರತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಮೂವತ್ತೆರಡು ವರ್ಷದ ಸರ್ವಿಸ್‌ನಲ್ಲಿ ಒಂಬತ್ತು ಊರು ಸುತ್ತಿದ್ದರು. ರಿಟೈರ್ ಆಗುವ ವರ್ಷ ಅವರ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರು ಕಬ್ಬಿಣದ ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅಂಚು ಸವೆದಿತ್ತು. ಪುಟಕ್ಕೊಂದು ಕೈಬರಹ, ಪುಟಕ್ಕೊಂದು ಬಣ್ಣದ ಶಾಯಿ. ಅದು ಅಪ್ಪನ ಎಸ್.ಆರ್., ಅಂದರೆ ಸರ್ವಿಸ್ ರಿಜಿಸ್ಟರ್. ಯಾವ ದಿನ ಕೆಲಸಕ್ಕೆ ಸೇರಿದರು, ಯಾವ ಊರಿಂದ ಯಾವ ಊರಿಗೆ ವರ್ಗವಾಯಿತು, ಯಾವಾಗ ಇನ್‌ಕ್ರಿಮೆಂಟ್ ಬಂತು, ಗಳಿಕೆ ರಜೆ ಎಷ್ಟು ಉಳಿದಿದೆ, ಎಲ್ಲವೂ ಅದರಲ್ಲಿತ್ತು. ಒಂದೇ ಒಂದು ವರ್ಷದ ಇನ್‌ಕ್ರಿಮೆಂಟ್ ಎಂಟ್ರಿ ಬಿಟ್ಟುಹೋಗಿತ್ತು. ಅದನ್ನು ಸರಿಪಡಿಸಿಕೊಳ್ಳಲು ಅಪ್ಪ ನಾಲ್ಕು ತಿಂಗಳು ಓಡಾಡಿದರು. ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಮಾತು ಹೇಳಿದರು. "ನೋಡಪ್ಪ, ಕೆಲಸ ಮಾಡೋದು ಒಂದು, ಅದು ಪುಸ್ತಕಕ್ಕೆ ಏರೋದು ಇನ್ನೊಂದು. ನಾನು ಮೊದಲನೇದನ್ನ ಮಾತ್ರ ನೋಡ್ಕೊಂಡೆ."

ಇಲ್ಲಿ ಕೂತಿರುವ ನಿಮ್ಮಲ್ಲಿ ಹೆಚ್ಚಿನವರು ಖಾಸಗಿ ಕಂಪನಿಗಳಲ್ಲಿ ಎಂಟು, ಹತ್ತು, ಹದಿನೈದು ವರ್ಷ ದುಡಿದವರು. ನಿಮ್ಮ ಎಸ್.ಆರ್. ಎಲ್ಲಿದೆ? ಎಚ್.ಆರ್. ವಿಭಾಗದಲ್ಲಿ ಒಂದು ಫೈಲ್ ಇರುತ್ತದೆ, ನಿಜ. ಸೇರಿದ ದಿನಾಂಕ, ಸಂಬಳ, ವರ್ಷಕ್ಕೊಂದು ರೇಟಿಂಗ್, ಅದರಲ್ಲಿ ಇಷ್ಟೇ. 2019ರ ಮಳೆಗಾಲದಲ್ಲಿ ಕೆಟ್ಟು ನಿಂತ ಉತ್ಪಾದನಾ ಲೈನನ್ನು ನೀವು ಎರಡು ರಾತ್ರಿ ನಿದ್ದೆಗೆಟ್ಟು ಎಬ್ಬಿಸಿದ್ದು ಅದರಲ್ಲಿಲ್ಲ. ಆ ರಾತ್ರಿ ನಿಮ್ಮ ಜೊತೆಗಿದ್ದ ಮ್ಯಾನೇಜರ್ ಬೇರೆ ಕಡೆ ಹೋಗಿರುತ್ತಾರೆ. ಕಂಪನಿ ಸಾಫ್ಟ್‌ವೇರ್ ಬದಲಾಯಿಸಿದಾಗ ಹಳೆಯ ಅಪ್ರೈಸಲ್‌ಗಳೂ ಹೋಗಿರುತ್ತವೆ. ಇಂದಿನ ನನ್ನ ಮಾತೆಲ್ಲ ಈ ಒಂದು ಪುಸ್ತಕದ ಸುತ್ತ ಇದೆ. ಇಂಟರ್‌ವ್ಯೂ ವಿಷಯವೂ ಅದರೊಳಗೇ ಬರುತ್ತದೆ.

ಇದೇ ತುಮಕೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಇತ್ತು. ನಿಮ್ಮಲ್ಲಿ ಕೆಲವರ ಮನೆಯ ಹಿರಿಯರು ಅಲ್ಲಿ ದುಡಿದಿರಬಹುದು. ಎಚ್.ಎಂ.ಟಿ. ಶುರುವಾಗಿದ್ದು 1953ರಲ್ಲಿ, ಬೆಂಗಳೂರಿನಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ತೊಡಗಿತು. ಅಲ್ಲಿ ಸೇರಿದವರಿಗೆ ಇನ್ನೊಂದು ಇಂಟರ್‌ವ್ಯೂ ಕೊಡುವ ಪ್ರಮೇಯ ಬರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಕ್ವಾರ್ಟರ್ಸ್, ಶಾಲೆ, ಬಸ್ಸು, ಕ್ಯಾಂಟೀನ್, ಬದುಕಿಡೀ ಒಂದೇ ಆವರಣದಲ್ಲಿ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಸೂಜಿಮೊನೆಯಷ್ಟು ಸಣ್ಣ ಭಾಗಗಳನ್ನು ಕೈಯಲ್ಲಿ ಜೋಡಿಸುತ್ತಿದ್ದ ಜನ ಅವರು. ಅಂಥ ಕೈಗಳಿಗೆ ಕೆಲಸ ಕೊಡುವ ಜಾಗಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ. ಆದರೆ ತಾವು ಏನು ಬಲ್ಲೆವು ಎಂದು ಹೊರಗಿನವರಿಗೆ ಹೇಳುವ ಅಭ್ಯಾಸವೇ ಅವರಿಗೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಕಾಲದಲ್ಲಿ ನೌಕರನ ವೃತ್ತಿಯನ್ನು ಕಂಪನಿಯೇ ನೋಡಿಕೊಳ್ಳುತ್ತಿತ್ತು. ಆ ಹೊಣೆ ಈಗ ನಮ್ಮ ಹೆಗಲಿಗೆ ಬಂದಿದೆ. ಬಂದಿದೆ ಎಂದು ಯಾರೂ ನಮಗೆ ಹೇಳಲಿಲ್ಲ, ಅಷ್ಟೇ.

ನನಗೆ ಅದು ಗೊತ್ತಾಗಿದ್ದು 2009ರಲ್ಲಿ. ಪೀಣ್ಯದಲ್ಲಿ ರಫ್ತಿಗಾಗಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ಹಿಂದಿನ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಕುಸಿದವು, ಆರು ತಿಂಗಳಲ್ಲಿ ನಮ್ಮ ಆರ್ಡರ್‌ಗಳು ಅರ್ಧಕ್ಕಿಳಿದವು, ನಾನಿದ್ದ ಲೈನ್ ನಿಂತಿತು. ಎಂಟು ವರ್ಷ ಒಂದೇ ಕಡೆ ನಿಯತ್ತಿನಿಂದ ದುಡಿದಿದ್ದೆ. ಮೊದಲ ಇಂಟರ್‌ವ್ಯೂನಲ್ಲಿ ಕೇಳಿದರು, "ನಿಮ್ಮ ಲೈನ್‌ನಲ್ಲಿ ರಿಜೆಕ್ಷನ್ (ಕೆಟ್ಟು ಪಕ್ಕಕ್ಕಿಟ್ಟ ಪೀಸ್‌ಗಳ ಪ್ರಮಾಣ) ಎಷ್ಟಿತ್ತು? ನೀವು ಬಂದ ಮೇಲೆ ಎಷ್ಟಾಯ್ತು?" ಕಡಿಮೆ ಆಗಿತ್ತು ಎಂದು ಗೊತ್ತಿತ್ತು. ಎಷ್ಟು ಎಂದು ಗೊತ್ತಿರಲಿಲ್ಲ. ಯಾವ ವರ್ಷ ಎಂಬುದೂ ನೆನಪಿರಲಿಲ್ಲ. ಕಂಪ್ಯೂಟರ್ ಕಾರ್ಖಾನೆಯಲ್ಲಿ, ನಾನು ಗೇಟಿನ ಹೊರಗೆ. ಏಳು ತಿಂಗಳು ಕೆಲಸವಿಲ್ಲದೆ ಇದ್ದೆ. ನನ್ನ ಹೆಂಡತಿ ಮನೆಪಾಠ ಹೇಳಿ ಮನೆ ನಡೆಸಿದಳು. ಆ ಏಳು ತಿಂಗಳಲ್ಲಿ ನೂರು ಪುಟದ ಒಂದು ನೋಟ್‌ಬುಕ್ ತಂದು, ಎಂಟು ವರ್ಷದಲ್ಲಿ ಮಾಡಿದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆಯತೊಡಗಿದೆ. ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ ಕೇಳಿಕೊಂಡೆ. ಅರ್ಧ ಮರೆತುಹೋಗಿತ್ತು. ಅಂದಿನಿಂದ ಇಂದಿನವರೆಗೆ ಶುಕ್ರವಾರ ಸಂಜೆ ಹತ್ತು ನಿಮಿಷ ಆ ಪುಸ್ತಕಕ್ಕೆ ಕೊಡುತ್ತಾ ಬಂದಿದ್ದೇನೆ.

ಅದರಲ್ಲಿ ಏನು ಬರೆಯಬೇಕು? ಆ ವಾರ ಎದುರಾದ ಒಂದು ತೊಂದರೆ, ಅದಕ್ಕೆ ನಾನು ಏನು ಮಾಡಿದೆ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು. ಮೂರ್ನಾಲ್ಕು ಸಾಲು ಸಾಕು. ಏನೂ ನಡೆಯದ ವಾರ ಇದ್ದರೆ "ಏನೂ ಇಲ್ಲ" ಎಂದು ಬರೆಯಿರಿ. ಸತತ ಹತ್ತು ವಾರ "ಏನೂ ಇಲ್ಲ" ಎಂದು ಬಂದರೆ ಅದೂ ಒಂದು ಮಾಹಿತಿಯೇ. ಆ ಕುರ್ಚಿಯಲ್ಲಿ ನೀವು ಕಲಿಯುವುದು ಮುಗಿದಿದೆ ಎಂದು ಪುಸ್ತಕ ಹೇಳುತ್ತಿದೆ.

ಒಂದು ಎಚ್ಚರಿಕೆ. ಪುಸ್ತಕ ನಿಮ್ಮದು, ಕಂಪನಿಯ ದತ್ತಾಂಶ ನಿಮ್ಮದಲ್ಲ. ಗ್ರಾಹಕರ ಡ್ರಾಯಿಂಗ್, ಪಾರ್ಟ್ ನಂಬರ್, ಬೆಲೆಪಟ್ಟಿ, ಸೋರ್ಸ್ ಕೋಡ್, ರೋಗಿಯ ಹೆಸರು, ಇವು ಯಾವುವೂ ಅದಕ್ಕೆ ಏರಬಾರದು. ಆಫೀಸಿನ ಫೈಲ್‌ಗಳನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಂಡು ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ಶೇಕಡಾವಾರು ಬರೆದುಕೊಳ್ಳಿ, ದಿನ ಉಳಿಯಿತೇ ಗಂಟೆ ಉಳಿಯಿತೇ ಬರೆದುಕೊಳ್ಳಿ. ಅಷ್ಟರಿಂದ ಯಾರ ಗುಟ್ಟೂ ಹೊರಬೀಳುವುದಿಲ್ಲ.

ಲೆಕ್ಕ ಹಾಕುವುದು ಹೇಗೆ ಎಂದು ಕೇಳುತ್ತಾರೆ. ದಿನಕ್ಕೆ 600 ಪೀಸ್ ಮಾಡುವ ಲೈನ್ ಎಂದಿಟ್ಟುಕೊಳ್ಳಿ. ರಿಜೆಕ್ಷನ್ ಶೇಕಡಾ 4 ಇದ್ದರೆ ದಿನಕ್ಕೆ 24 ಪೀಸ್ ಗುಜರಿಗೆ ಹೋಗುತ್ತದೆ. ಅದು ಶೇಕಡಾ 1ಕ್ಕೆ ಇಳಿದರೆ 6 ಪೀಸ್. ಉಳಿದದ್ದು 18. ಒಂದು ಪೀಸಿಗೆ 350 ರೂಪಾಯಿ ಎಂದರೂ ದಿನಕ್ಕೆ 6,300, ತಿಂಗಳ 25 ದಿನಕ್ಕೆ 1,57,500 ರೂಪಾಯಿ. ಈ ಗುಣಾಕಾರವನ್ನು ನಮ್ಮ ಇಂಜಿನಿಯರ್‌ಗಳು ಕಂಪನಿಗಾಗಿ ದಿನಾ ಮಾಡುತ್ತಾರೆ, ತಮಗಾಗಿ ಒಮ್ಮೆಯೂ ಮಾಡಿರುವುದಿಲ್ಲ. ಎಲ್ಲ ಕೆಲಸಕ್ಕೂ ರೂಪಾಯಿ ಲೆಕ್ಕ ಸಿಗುವುದಿಲ್ಲ ಎಂಬುದೂ ಸರಿ. ಸ್ಟಾಫ್ ನರ್ಸ್ ಆಗಿದ್ದರೆ ಎಷ್ಟು ಹಾಸಿಗೆಯ ವಾರ್ಡ್, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಹೊಸ ನರ್ಸ್‌ಗಳನ್ನು ತಯಾರು ಮಾಡಿದಿರಿ ಎಂದು ಬರೆಯಿರಿ. ಅಕೌಂಟ್ಸ್‌ನಲ್ಲಿದ್ದರೆ ತಿಂಗಳ ಲೆಕ್ಕ ಮುಗಿಯಲು ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು ದಿನ ಎಂದು ಬರೆಯಿರಿ.

ಈಗ ಇಂಟರ್‌ವ್ಯೂ ಕೋಣೆಗೆ ಬರೋಣ. ಕಳೆದ ಹನ್ನೆರಡು ವರ್ಷದಿಂದ ನಾನು ಮೇಜಿನ ಆ ಕಡೆ ಕೂರುತ್ತಿದ್ದೇನೆ. ಅಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ, ಅದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಾವೇರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಒಂಬತ್ತು ವರ್ಷದ ಅನುಭವ. ನನ್ನ ಜೊತೆ ಪ್ಯಾನೆಲ್‌ನಲ್ಲಿದ್ದವರು ಕೇಳಿದರು, "ರಿಜೆಕ್ಷನ್ ಕಡಿಮೆ ಮಾಡಿದ ಒಂದು ಸಂದರ್ಭ ಹೇಳಿ." ಅವನು ಹೇಳಿದ, "ಒಂದು ಬೋರ್ (ಭಾಗದೊಳಗೆ ಕೊರೆದ ತೂತು) ಸೈಜ್ ಪ್ರಾಬ್ಲಮ್ ಇತ್ತು ಸಾರ್. ಟೀಮ್‌ನಲ್ಲಿ ಡಿಸ್ಕಷನ್ ಆಯ್ತು, ಅನಾಲಿಸಿಸ್ ಆಯ್ತು, ಕಾಸ್ (ಕಾರಣ) ಗೊತ್ತಾಯ್ತು, ಕರೆಕ್ಷನ್ ಆಯ್ತು. ಈಗ ಕಡಿಮೆ ಆಗಿದೆ ಸಾರ್." ನನ್ನ ಪಕ್ಕದವರು ಹಾಳೆಯ ಮೇಲೆ 'ಆರಕ್ಕೆ ಏರಲಿಲ್ಲ' ಎಂಬಂತೆ ಏನೋ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುವುದರಲ್ಲಿದ್ದರು. ನಾನು ತಡೆದು ಕೇಳಿದೆ, "ಕಾಸ್ ಗೊತ್ತಾಯ್ತು ಅಂದ್ರಲ್ಲ, ಯಾರಿಗೆ ಗೊತ್ತಾಯ್ತು?" ಅವನು ತಲೆ ತಗ್ಗಿಸಿ, "ನನಗೇ ಸಾರ್" ಅಂದ. "ಹೇಗೆ?"

ಆಗ ಕಥೆ ಹೊರಗೆ ಬಂತು. ಮೂರು ರಾತ್ರಿ ಅವನು ಥರ್ಡ್ ಶಿಫ್ಟ್‌ನಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿ.ಎನ್.ಸಿ. ಮೆಷಿನ್ ಪಕ್ಕದಲ್ಲೇ ಕೂತಿದ್ದನಂತೆ. ಕೆಟ್ಟ ಪೀಸ್‌ಗಳೆಲ್ಲ ಯಾವ ಹೊತ್ತಿನಲ್ಲಿ ಬರುತ್ತವೆ ಎಂದು ಗಡಿಯಾರ ನೋಡಿ ಬರೆದುಕೊಂಡ. ಎಲ್ಲವೂ ಟೀ ಬ್ರೇಕ್ ಮತ್ತು ಊಟದ ಬಿಡುವಿನ ನಂತರದ ಮೊದಲ ಇಪ್ಪತ್ತು ಪೀಸ್‌ಗಳಲ್ಲೇ. ಮೆಷಿನ್ ನಿಂತಾಗ ಸ್ಪಿಂಡಲ್, ಅಂದರೆ ತಿರುಗುವ ದಂಡ, ತಣ್ಣಗಾಗುತ್ತದೆ. ಮತ್ತೆ ಓಡಿ ಬಿಸಿಯಾಗುವವರೆಗೆ ಲೋಹ ಹಿಗ್ಗುತ್ತಾ ಅಳತೆ ಕೆಲವು ಮೈಕ್ರಾನ್ ಸರಿಯುತ್ತದೆ. ಬಿಡುವು ಮುಗಿಯುವ ಹತ್ತು ನಿಮಿಷ ಮೊದಲೇ ಮೆಷಿನನ್ನು ಖಾಲಿ ಓಡಿಸುವ ವಾರ್ಮ್‌ಅಪ್ ಪ್ರೋಗ್ರಾಂ ಹಾಕಿಸಿದ. ಮೊದಲ ಐದು ಪೀಸ್‌ಗೆ ಬೋರ್ ಗೇಜ್ ಇಟ್ಟು ನೋಡುವ ಪದ್ಧತಿ ತಂದ. ಶೇಕಡಾ 4 ಇದ್ದ ರಿಜೆಕ್ಷನ್ 1ಕ್ಕಿಂತ ಕೆಳಗಿಳಿಯಿತು.

ಇಷ್ಟು ಚೆಂದದ ಕೆಲಸ ಮಾಡಿದವನು ಅದನ್ನು ನಾಲ್ಕು 'ಆಯ್ತು'ಗಳ ಹಿಂದೆ ಮುಚ್ಚಿಟ್ಟಿದ್ದ. ಅವನಿಗೆ ಕೆಲಸ ಸಿಕ್ಕಿತು. ಆದರೆ ಬಿಡದೆ ಮತ್ತೊಂದು ಪ್ರಶ್ನೆ ಕೇಳುವವರು ಎಲ್ಲ ಕೋಣೆಯಲ್ಲೂ ಸಿಗುವುದಿಲ್ಲ. ಒಂದೇ ದಿನ ಹದಿನಾಲ್ಕು ಜನರನ್ನು ನೋಡಿ ಸುಸ್ತಾದ ಪ್ಯಾನೆಲ್ ಆಗಿದ್ದರೆ ಅವನು ಊರಿಗೆ ವಾಪಸು ಬಸ್ ಹತ್ತುತ್ತಿದ್ದ.

'ಆಯ್ತು' ಎಂಬುದು ಕನ್ನಡದ ದೊಡ್ಡ ಸೌಜನ್ಯ. "ಅಡುಗೆ ಆಯ್ತಾ?" ಎಂದರೆ "ಆಯ್ತು" ಎನ್ನುತ್ತಾಳೆ ಅಮ್ಮ. ಮಾಡಿದವಳು ಅವಳೇ. ಆದರೂ 'ಮಾಡಿದೆ' ಎನ್ನುವುದಿಲ್ಲ. "ಮಗಳ ಮದುವೆ ಆಯ್ತು", "ಮನೆ ಕಟ್ಟಿದ್ದಾಯ್ತು". ಮಾಡಿದವರು ಹಿಂದೆ ಸರಿದು ನಿಲ್ಲುತ್ತಾರೆ, ಕೆಲಸ ಮಾತ್ರ ಎದುರಿಗೆ ಕಾಣುತ್ತದೆ. ಮನೆಯಲ್ಲಿ, ನೆಂಟರ ನಡುವೆ ಈ ಮಾತಿಗೆ ಒಂದು ಸೊಗಸಿದೆ, ಅದು ಉಳಿಯಲಿ. ಇಂಗ್ಲಿಷ್‌ನಲ್ಲಿ ಇಂಟರ್‌ವ್ಯೂ ಕೊಡುವಾಗಲೂ ನಮ್ಮ ತಲೆಯೊಳಗೆ ಇದೇ 'ಆಯ್ತು' ಓಡುತ್ತಿರುತ್ತದೆ, ವಾಕ್ಯ ಹಾಗೇ ಹೊರಬೀಳುತ್ತದೆ. ಎದುರಿಗಿರುವವರಿಗೆ ಮಾಡಿದವರು ಯಾರು ಎಂದು ತಿಳಿಯುವುದೇ ಇಲ್ಲ. ಅವರು ನೇಮಿಸಿಕೊಳ್ಳಲು ಹೊರಟಿರುವುದು ಮಾಡುವವರನ್ನು.

ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳುತ್ತಾ ಬೆಳೆದವರು ನಾವು. ತುಳುಕುವುದು ಬೇಡ. ಕೊಡದಲ್ಲಿ ಎಷ್ಟು ನೀರಿದೆ ಎಂದು ಬಾಯಾರಿದವರು ಕೇಳಿದಾಗ ಸರಿಯಾಗಿ ಹೇಳಬೇಕಲ್ಲವೇ?

ಇದಕ್ಕೆ ಉಲ್ಟಾ ತಪ್ಪು ಮಾಡುವವರೂ ಬರುತ್ತಾರೆ. ಎಲ್ಲವನ್ನೂ 'ನಾನು' ಮಾಡಿದೆ ಎನ್ನುವವರು. ಒಬ್ಬರು ಇಡೀ ಹೊಸ ಲೈನನ್ನೇ ತಾವು ಹಾಕಿಸಿದ್ದಾಗಿ ಹೇಳಿದರು. "ಕೂಲಂಟ್ (ಮೆಷಿನ್ ತಂಪಿಡುವ ದ್ರವ) ಟ್ಯಾಂಕ್ ಎಲ್ಲಿ ಇಟ್ಟಿರಿ, ಯಾಕೆ ಅಲ್ಲಿ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ನಿಜವಾಗಿ ನಿಂತು ಹಾಕಿಸಿದವರಿಗೆ ಆ ಟ್ಯಾಂಕಿನ ಜಾಗ ಕನಸಿನಲ್ಲೂ ನೆನಪಿರುತ್ತದೆ, ಏಕೆಂದರೆ ಅದಕ್ಕಾಗಿ ಮೇಂಟೆನೆನ್ಸ್‌ನವರ ಜೊತೆ ಜಗಳ ಆಡಿರುತ್ತಾರೆ. ಆದ್ದರಿಂದ ಹಂಚಿ ಹೇಳಿ: "ತೊಂದರೆ ಎಲ್ಲಿದೆ ಎಂದು ಹುಡುಕಿದ್ದು ನಾನು. ಪ್ರೋಗ್ರಾಂ ಬರೆದದ್ದು ನಮ್ಮ ಸಿ.ಎನ್.ಸಿ. ಆಪರೇಟರ್. ಒಪ್ಪಿಗೆ ಕೊಟ್ಟಿದ್ದು ಪ್ಲಾಂಟ್ ಹೆಡ್." ಹೀಗೆ ಹೇಳಿದಾಗ ನಿಮ್ಮ ಪಾಲು ದೊಡ್ಡದಾಗಿ ಕಾಣುತ್ತದೆ, ಉಳಿದವರಿಗೂ ಅನ್ಯಾಯವಾಗುವುದಿಲ್ಲ. ನಾನಂತೂ ಅಂಥವರಿಗೆ ಹೆಚ್ಚು ಅಂಕ ಕೊಡುತ್ತೇನೆ. ಆಪರೇಟರ್ ಹೆಸರನ್ನು ಮರೆಯದ ಇಂಜಿನಿಯರ್ ನಾಳೆ ನನ್ನ ಆಪರೇಟರ್‌ಗಳನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂಬ ಭರವಸೆ ನನಗೆ.

ಒಂದು ಸಂದರ್ಭವನ್ನು ಆರಿಸಿಕೊಂಡು ಹೇಳಿ ಎಂದು ಪ್ಯಾನೆಲ್‌ಗಳು ಯಾಕೆ ಕೇಳುತ್ತವೆ ಎಂಬುದಕ್ಕೂ ಹಿನ್ನೆಲೆ ಇದೆ. 1998ರಲ್ಲಿ ಅಮೆರಿಕದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನೋವಿಜ್ಞಾನಿಗಳು 85 ವರ್ಷಗಳ ಸಂಶೋಧನೆಯನ್ನು ಒಟ್ಟುಮಾಡಿ, ನೌಕರರನ್ನು ಆರಿಸುವ ಯಾವ ವಿಧಾನ ಎಷ್ಟು ಸರಿ ಎಂದು ಅಳೆದರು. ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಗೋಲಿನಲ್ಲಿ ಅಂಕ ಕೊಡುವ ಇಂಟರ್‌ವ್ಯೂ ಮೇಲು ಎಂದು ಕಂಡಿತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮತ್ತೆ ಪರಿಶೀಲಿಸಿದಾಗ ಆ ಬಗೆಯ ಇಂಟರ್‌ವ್ಯೂ ಪಟ್ಟಿಯ ತುದಿಗೇ ಬಂತು. ನಿಮಗೆ ಇದರಿಂದ ಆಗುವ ಉಪಯೋಗ ಇಷ್ಟು: ಪ್ರಶ್ನೆಗಳು ಬಹುಪಾಲು ಮೊದಲೇ ಊಹಿಸಬಹುದಾದವು. ಕಷ್ಟದ ಸಮಸ್ಯೆ, ತಪ್ಪಿಹೋದ ಕೆಲಸ, ಸಹೋದ್ಯೋಗಿ ಜೊತೆ ಭಿನ್ನಾಭಿಪ್ರಾಯ, ಸಮಯ ಸಾಲದ ಸಂದರ್ಭ. ಪುಸ್ತಕ ತೆರೆದು ಆರು ಘಟನೆ ಆರಿಸಿಕೊಂಡರೆ ಈ ಎಲ್ಲಕ್ಕೂ ಉತ್ತರ ಅದರಲ್ಲೇ ಇರುತ್ತದೆ.

ಇಂಗ್ಲಿಷ್ ಬಗ್ಗೆ ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಭಯ ನನಗೆ ಚೆನ್ನಾಗಿ ಗೊತ್ತು, ನಾನೂ ಅಲ್ಲಿಂದಲೇ ಬಂದವನು. ಆ ಆರು ಘಟನೆಗಳನ್ನು ಮೊದಲು ಕನ್ನಡದಲ್ಲಿ, ಮನೆಯವರಿಗೆ ಅರ್ಥವಾಗುವಂತೆ ಹೇಳಿ ನೋಡಿ. ನಿಮ್ಮ ಅಕ್ಕನಿಗೋ ಮಾವನಿಗೋ ಅರ್ಥವಾಗದಿದ್ದರೆ ತೊಂದರೆ ಇಂಗ್ಲಿಷ್‌ನದಲ್ಲ, ಘಟನೆ ನಿಮ್ಮ ತಲೆಯಲ್ಲೇ ತಿಳಿಯಾಗಿಲ್ಲ. ಕನ್ನಡದಲ್ಲಿ ತಿಳಿಯಾದ ಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷ್‌ಗೆ ತನ್ನಿ. ಮಾತು ತಡವರಿಸಿದರೆ ಒಂದು ಹಾಳೆ ಕೇಳಿ. "ಪೇಪರ್ ಕೊಡಿ ಸಾರ್, ಬರೆದು ತೋರಿಸ್ತೀನಿ" ಎಂದು ಹೇಳಿ ಮೆಷಿನ್ ಚಿತ್ರ ಬಿಡಿಸಿದ ಒಬ್ಬ ಹುಡುಗಿಯನ್ನು ನಾವು ಆ ದಿನವೇ ಆರಿಸಿದೆವು. ಚಿತ್ರ ಬಿಡಿಸುವಾಗ ಅವಳ ಕೈಗೆ ಅನುಮಾನವೇ ಇರಲಿಲ್ಲ.

"ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?" ಇದಕ್ಕೆ ಹಳೆಯ ಕಂಪನಿಯನ್ನು ಬೈಯಬೇಡಿ. ಸುಳ್ಳನ್ನೂ ಹೇಳಬೇಡಿ. "ನಾಲ್ಕು ವರ್ಷದಿಂದ ಒಂದೇ ಬಗೆಯ ಪಾರ್ಟ್ ಮಾಡುತ್ತಿದ್ದೇನೆ, ಹೊಸದು ಕಲಿಯಬೇಕು" ಎಂಬುದು ನಿಜವಾದರೆ ಹೇಳಿ. "ಸಂಬಳ ಸಾಲದು, ಮಕ್ಕಳು ದೊಡ್ಡವರಾದರು" ಎನ್ನುವುದೂ ಮರ್ಯಾದೆಯ ಉತ್ತರವೇ. ಅದಕ್ಕೆ ನಾಚಿಕೊಳ್ಳಬೇಕಾದ್ದಿಲ್ಲ.

ಸಂಬಳದ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಈಗಿನ ಸಂಬಳವನ್ನು ಹೆಚ್ಚಿಸಿ ಹೇಳಬೇಡಿ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಾಗ ಸಿಕ್ಕಿಬೀಳುತ್ತೀರಿ, ಆಫರ್ ಅಲ್ಲಿಗೇ ಮುರಿಯುತ್ತದೆ. ನಿರೀಕ್ಷೆ ಎಷ್ಟು ಎಂದರೆ ಒಂದು ಅಂಕಿ ಹೇಳಿ, ಅದಕ್ಕೆ ಕಾರಣ ಕೊಡಿ, ಆಮೇಲೆ ಸುಮ್ಮನಿರಿ. ನಮ್ಮವರು ಅಂಕಿ ಹೇಳಿದ ಮರುಕ್ಷಣವೇ "ನೀವು ಹೇಗೆ ಹೇಳ್ತೀರೋ ಹಾಗೆ ಸಾರ್" ಎಂದು ಸೇರಿಸಿಬಿಡುತ್ತಾರೆ. ಆ ಒಂದು ವಾಕ್ಯಕ್ಕೆ ವರ್ಷಕ್ಕೆ ಒಂದು ಲಕ್ಷ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

ಸಿ.ಟಿ.ಸಿ., ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12 ಲಕ್ಷ ಎಂದರೆ ತಿಂಗಳಿಗೆ ಒಂದು ಲಕ್ಷ ಕೈಗೆ ಬರುತ್ತದೆ ಎಂದುಕೊಳ್ಳುವವರು ಈಗಲೂ ಇದ್ದಾರೆ. ಬರೆದುಕೊಳ್ಳಿ. ಬೇಸಿಕ್ ತಿಂಗಳಿಗೆ 50,000 ಎಂದಿಟ್ಟುಕೊಳ್ಳೋಣ. ಅದರ ಶೇಕಡಾ 12ರಂತೆ ಕಂಪನಿ ಕಟ್ಟುವ ಪಿ.ಎಫ್. ವರ್ಷಕ್ಕೆ 72,000, ಅದು ಸಿ.ಟಿ.ಸಿ. ಒಳಗೇ ಸೇರಿದೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡಿಗಂಟು) ಎಂದು ಬೇಸಿಕ್‌ನ ಶೇಕಡಾ 4.81, ಸುಮಾರು 28,860, ಅದೂ ಒಳಗೇ. ವೇರಿಯಬಲ್ ಪೇ, ಅಂದರೆ ಸಾಧನೆ ನೋಡಿ ಕೊಡುವ ಪಾಲು, ಸಿ.ಟಿ.ಸಿ.ಯ ಶೇಕಡಾ 10 ಎಂದರೆ 1,20,000, ಅದು ಪೂರ್ತಿ ಬರುತ್ತದೆಂಬ ಖಾತ್ರಿ ಇಲ್ಲ. ಇಷ್ಟು ಕಳೆದರೆ ತಿಂಗಳಿಗೆ ಸುಮಾರು 81,600. ಅದರಲ್ಲಿ ನಿಮ್ಮ ಪಾಲಿನ ಪಿ.ಎಫ್. 6,000, ವೃತ್ತಿ ತೆರಿಗೆ 200 ಹೋಗಿ 75,400. ಆದಾಯ ತೆರಿಗೆ ಬಂದರೆ ಅದು ಬೇರೆ. ಹೀಗಾಗಿ ಆಫರ್ ಬಂದಾಗ ಒಟ್ಟು ಮೊತ್ತಕ್ಕೆ ಖುಷಿಪಟ್ಟು ಸಹಿ ಹಾಕುವ ಬದಲು, ಬಿಡಿಸಿದ ಪಟ್ಟಿ ಕೇಳಿ. "ಮೇಡಂ, ಬ್ರೇಕಪ್ ಕಳಿಸಿ, ನೋಡಿ ಹೇಳ್ತೀನಿ" ಎಂದರೆ ಯಾವ ಎಚ್.ಆರ್. ಕೂಡ ಬೇಸರ ಮಾಡಿಕೊಳ್ಳುವುದಿಲ್ಲ. ವೇರಿಯಬಲ್ ಕಳೆದ ವರ್ಷ ಎಷ್ಟು ಶೇಕಡಾ ಕೊಟ್ಟಿರಿ ಎಂದೂ ಕೇಳಿ.

ಬಾಯಿಮಾತಿನ ಆಫರ್ ನಂಬಿ ರಾಜೀನಾಮೆ ಕೊಡಬೇಡಿ. ಕೈಗೆ ಸಹಿ ಮಾಡಿದ ಪತ್ರ ಬರಲಿ, ಅದರಲ್ಲಿ ಹುದ್ದೆ, ಜಾಗ, ಸೇರುವ ದಿನಾಂಕ, ನೋಟಿಸ್ ಅವಧಿ ಓದಿ. 90 ದಿನದ ನೋಟಿಸ್ ಇರುವ ಕಡೆಯಿಂದ ಇನ್ನೊಂದು 90 ದಿನದ ನೋಟಿಸ್ ಇರುವ ಕಡೆಗೆ ಹೋಗುತ್ತಿದ್ದೀರಾ ಎಂದೂ ನೋಡಿಕೊಳ್ಳಿ. ರಾಜೀನಾಮೆ ಕೊಟ್ಟ ಮೇಲೆ ಈಗಿನ ಕಂಪನಿ ಸಂಬಳ ಹೆಚ್ಚಿಸುತ್ತೇವೆ ಇರಿ ಎಂದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಹೋಗುವ ಕಾರಣ ಸಂಬಳ ಮಾತ್ರ ಆಗಿದ್ದರೆ ಯೋಚಿಸಿ. ಬೇರೆ ಕಾರಣವಿದ್ದರೆ ಹೋಗಿ. ಆ ಕಾರಣ ಆರು ತಿಂಗಳಲ್ಲಿ ಮತ್ತೆ ಎದುರಿಗೆ ಬರುತ್ತದೆ.

ಬಿಡುವ ದಿನಾಂಕ ಗೊತ್ತುಮಾಡುವ ಮುನ್ನ ಗ್ರಾಚ್ಯುಟಿ ಲೆಕ್ಕ ಹಾಕಿ. ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಇರಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಎಂದು ಹಿಡಿದು ಲೆಕ್ಕ. ಬೇಸಿಕ್ ಮತ್ತು ಡಿ.ಎ. ಸೇರಿ 52,000 ಇದ್ದರೆ ದಿನಕ್ಕೆ 2,000, ವರ್ಷಕ್ಕೆ 30,000, ಐದು ವರ್ಷಕ್ಕೆ ಒಂದೂವರೆ ಲಕ್ಷ. ನಾಲ್ಕು ವರ್ಷ ಮೂರು ತಿಂಗಳಿಗೆ ಅವಸರದಲ್ಲಿ ಬಿಟ್ಟವರು ಈ ಹಣವನ್ನು ಹೊಸ ಕಂಪನಿಯ ಜೊತೆ ಮಾತಾಡುವಾಗ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ನಿಶ್ಚಿತ ಅವಧಿಯ ಒಪ್ಪಂದದ ಮೇಲೆ ಇರುವವರಿಗೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಈ ಹಕ್ಕು ಬಂದಿದೆ.

ಪಿ.ಎಫ್. ಹಣವನ್ನು ಕೆಲಸ ಬದಲಿಸಿದಾಗಲೆಲ್ಲ ತೆಗೆಯಬೇಡಿ, ವರ್ಗಾಯಿಸಿ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ, ವರ್ಗಾಯಿಸಿದರೆ ಹಳೆಯ ವರ್ಷಗಳೂ ಎಣಿಕೆಗೆ ಬರುತ್ತವೆ. ಪಿ.ಎಫ್. ಜೊತೆಗಿನ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಹತ್ತು ವರ್ಷ ತುಂಬಿದವರಿಗೆ ಮಾಸಿಕ ಪಿಂಚಣಿಯ ಹಕ್ಕು ಬರುತ್ತದೆ. ಹಳೆಯ ಕಂಪನಿ ನೀವು ಬಿಟ್ಟ ದಿನಾಂಕವನ್ನು ಪಿ.ಎಫ್. ಪೋರ್ಟಲ್‌ನಲ್ಲಿ ಹಾಕದಿದ್ದರೆ ಎರಡು ತಿಂಗಳ ನಂತರ ನೀವೇ ಹಾಕಬಹುದು. ಒಂದೇ ವರ್ಷದಲ್ಲಿ ಎರಡು ಕಂಪನಿಯಲ್ಲಿ ದುಡಿದಿದ್ದರೆ ಹಿಂದಿನ ಸಂಬಳದ ವಿವರವನ್ನು ಹೊಸ ಕಡೆಗೆ ಕೊಡಿ. ಇಲ್ಲದಿದ್ದರೆ ಇಬ್ಬರೂ ತೆರಿಗೆ ವಿನಾಯಿತಿಯನ್ನು ಪೂರ್ತಿ ಲೆಕ್ಕ ಹಾಕಿ, ರಿಟರ್ನ್ ಸಲ್ಲಿಸುವ ಹೊತ್ತಿಗೆ ಬಾಕಿ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ.

ನಮ್ಮ ಕಡೆಯವರಿಗೇ ವಿಶೇಷವಾಗಿ ಕಾಡುವ ಒಂದು ತೊಡಕಿದೆ, ಇನಿಷಿಯಲ್. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ 'ಕೆ. ಎಸ್.', ಆಧಾರ್‌ನಲ್ಲಿ ಅದೇ ಹೆಸರಿನ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಪೂರ್ತಿ ಬಿಡಿಸಿ, ಪಿ.ಎಫ್. ಖಾತೆಯಲ್ಲಿ ಇನಿಷಿಯಲ್ಲೇ ಇಲ್ಲ. ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲನೆ ಮಾಡಿಸುವಾಗ ಇವು ನಾಲ್ಕು ಬೇರೆ ಬೇರೆ ಮನುಷ್ಯರಂತೆ ಕಾಣುತ್ತವೆ. ನನ್ನ ಕೈಕೆಳಗೆ ಸೇರಬೇಕಿದ್ದ ಒಬ್ಬರಿಗೆ ಇದರಿಂದಲೇ ಆರು ವಾರ ತಡವಾಯಿತು. ಅಷ್ಟರಲ್ಲಿ ಹಳೆಯ ಕೆಲಸ ಬಿಟ್ಟಾಗಿತ್ತು, ಮನೆಯಲ್ಲಿ ಕೂತು ಒದ್ದಾಡಿದರು. ಕೆಲಸ ಹುಡುಕುವ ಯೋಚನೆ ಇಲ್ಲದವರೂ ಈ ತಿಂಗಳೇ ನಾಲ್ಕು ದಾಖಲೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಒಂದು ಚೀಟಿ ಬಂದಿದೆ, ಓದುತ್ತೇನೆ. "ಅಕೌಂಟ್ಸ್‌ನಲ್ಲಿ ಏಳು ವರ್ಷ ಕೆಲಸ ಮಾಡಿದ್ದೆ. ಮಗು ಮತ್ತು ಅತ್ತೆಯವರ ಆರೈಕೆಗಾಗಿ 2021ರಲ್ಲಿ ಬಿಟ್ಟೆ. ಈಗ ಮತ್ತೆ ಹೋಗಬೇಕು. ಸಿ.ವಿ.ಯಲ್ಲಿ ಈ ವರ್ಷಗಳನ್ನು ಹೇಗೆ ಮುಚ್ಚಿಡಲಿ?" ಹೆಸರು ಬರೆದಿಲ್ಲ.

ಮುಚ್ಚಿಡಬೇಡಿ ತಾಯಿ. ದಿನಾಂಕದ ಜೊತೆ ಒಂದೇ ಸಾಲಿನಲ್ಲಿ ಬರೆಯಿರಿ: 'ಕುಟುಂಬದ ಆರೈಕೆಗಾಗಿ ಬಿಡುವು'. ಕ್ಷಮೆ ಕೇಳುವ ಧಾಟಿ ಬೇಡ. ಪ್ಯಾನೆಲ್‌ನಲ್ಲಿ ಕೂರುವ ನನಗೆ ಆ ಸಾಲಿನಿಂದ ಅನುಮಾನ ಬರುವುದಿಲ್ಲ. ಅನುಮಾನ ಬರುವುದು ದಿನಾಂಕಗಳು ತಾಳೆಯಾಗದಿದ್ದಾಗ. ನಿಜವಾಗಿ ತಯಾರಿ ಬೇಕಾದ್ದು, ನೀವು ಇಲ್ಲದಾಗ ಏನೇನು ಬದಲಾಗಿದೆ ಎಂಬುದಕ್ಕೆ. ನೀವು ಬಿಡುವಾಗ ದೊಡ್ಡ ವಹಿವಾಟಿನ ಕಂಪನಿಗಳಿಗೆ ಮಾತ್ರ ಇ-ಇನ್‌ವಾಯ್ಸ್ (ಬಿಲ್ಲನ್ನು ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಕಡ್ಡಾಯವಾಗಿತ್ತು. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟು ಇರುವವರಿಗೂ ಬಂದಿದೆ. ಅಂದರೆ ಈ ತುಮಕೂರಿನ ಮಧ್ಯಮ ಗಾತ್ರದ ಅಂಗಡಿ, ಗೋಡೌನ್, ಸಣ್ಣ ಕಾರ್ಖಾನೆಗಳೂ ಅದರೊಳಗೆ ಸೇರಿವೆ. ಗೊತ್ತಿರುವ ಆಡಿಟರ್ ಹತ್ತಿರ ಎರಡು ತಿಂಗಳು ಕೂತು ಅದನ್ನು ಕೈಯಾರೆ ಮಾಡಿ. ಪ್ರತಿ ಶುಕ್ರವಾರ ಬರೆದಿಡಿ. ಇಂಟರ್‌ವ್ಯೂನಲ್ಲಿ "ಇಷ್ಟು ವರ್ಷ ಬಿಟ್ಟಿದ್ದೀರಲ್ಲ?" ಎಂದು ಕೇಳಿದಾಗ, "ಹೌದು, ಬಿಟ್ಟಿದ್ದೆ. ಕಳೆದ ಎರಡು ತಿಂಗಳಲ್ಲಿ ಇಷ್ಟು ಇ-ಇನ್‌ವಾಯ್ಸ್ ನಾನೇ ಮಾಡಿದ್ದೇನೆ, ಇಂಥ ತಪ್ಪುಗಳನ್ನು ಹಿಡಿದಿದ್ದೇನೆ" ಎಂದು ಹೇಳುವಷ್ಟು ಪುಟ ತುಂಬಿರುತ್ತದೆ.

ಚೀಟಿ ಬರೆದವರು ಕಾರ್ಯಕ್ರಮ ಮುಗಿದ ಮೇಲೆ ಹೋಗಿಬಿಡಬೇಡಿ. ನಾನು ಆ ಕಿಟಕಿ ಪಕ್ಕದ ಮೇಜಿನ ಹತ್ತಿರ ಇರುತ್ತೇನೆ. ನಿಮ್ಮ ಹಳೆಯ ಸಿ.ವಿ. ಫೋನಿನಲ್ಲಿದ್ದರೆ ತೆಗೆದಿಟ್ಟುಕೊಳ್ಳಿ. ಆ ಒಂದು ಸಾಲನ್ನು ಇಬ್ಬರೂ ಕೂತು ಬರೆಯೋಣ.